ಸೈಗಾನಿನಲ್ಲಿ ರಸ್ತೆ ದಾಟಿದ್ದು

ಮುಂಬಯಿಯಲ್ಲಿ ನಲವತ್ತು ವರ್ಷ ಬಾಳಿದವನಿಗೆ ಜಗತ್ತಿನ ಯಾವ ಊರಿನ ಗದ್ದಲವೂ ಹೊಸದಲ್ಲ ಎಂಬ ಜಂಬ ನನಗಿತ್ತು. ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಗಾಡಿಗೆ ಓಡುವುದು, ನುಗ್ಗುವುದು, ಏರುವುದು, ಬಾಗಿಲ ಕಂಬಿ ಹಿಡಿದು ನಾವು ಹಳಬರು ಇನ್ನೂ ವಿ.ಟಿ. ಎಂದೇ ಕರೆಯುವ ನಿಲ್ದಾಣವನ್ನು ಮುಟ್ಟುವುದು. ಇಷ್ಟು ವಿದ್ಯೆ ಕೈವಶವಾದವನು ಎಲ್ಲಿ ಬಿಟ್ಟರೂ ಬದುಕಿಯಾನು ಎಂದು ನಾನು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಆ ಜಂಬ ಮುರಿದದ್ದು 2025ರ ಜನವರಿಯಲ್ಲಿ, ವಿಯೆಟ್ನಾಮಿನ ಹೋ ಚಿ ಮಿನ್ ನಗರದ ಒಂದು ರಸ್ತೆಯ ನಟ್ಟನಡುವೆ. ಮುರಿದವಳು ಎರಡೂ ಮೊಣಕಾಲು ನೋಯುವ, 71 ವರ್ಷದ ನನ್ನ ಅಕ್ಕ.

ಅಕ್ಕನ ಮಗ ಮೂರು ವರ್ಷಗಳಿಂದ ಆ ಊರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿದ್ದಾನೆ. ಡಿಸೆಂಬರಿನಲ್ಲಿ ಅವನ ಫೋನು ಬಂತು. "ಮಾಮಾ, ಮಾಮಿನ್ನ ಕರ್ಕೊಂಡು ಹತ್ತು ದಿವಸ ಬರ್ರಿ. ಅವ್ವನೂ ಇಲ್ಲೇ ಇದ್ದಾಳ. ಸಂಕ್ರಾಂತಿ ಎಲ್ಲಾರೂ ಕೂಡಿ ಮಾಡೋಣು." ನಾನು ಏನೇನೋ ನೆವ ಹೇಳಿದೆ. ಬಿ.ಪಿ. ಎಂದೆ, ಸಂಘದ ವಾರ್ಷಿಕೋತ್ಸವ ಎಂದೆ, ಖರ್ಚು ಎಂದೆ. ಟಿಕೆಟು ತಾನೇ ಕಳಿಸುತ್ತೇನೆಂದ. ಕೊನೆಗೆ ನನ್ನಾಕೆ ಫೋನು ಕಸಿದುಕೊಂಡು, "ಬರ್ತೀವಿ" ಎಂದುಬಿಟ್ಟಳು. ನನ್ನ ಹಿಂಜರಿಕೆಯ ನಿಜವಾದ ಕಾರಣ ಅವಳಿಗೆ ಗೊತ್ತಿತ್ತು.

ಆ ಕಾರಣವನ್ನು ಇಲ್ಲಿ ಹೇಳಿಬಿಡಬೇಕು. 2013ರ ಕಾರ್ತಿಕದಲ್ಲಿ ನಮ್ಮ ಅವ್ವ ತೀರಿಕೊಂಡಳು. ಕೊನೆಯ ಒಂಬತ್ತು ವರ್ಷ ಅವಳನ್ನು ನೋಡಿಕೊಂಡವಳು ಧಾರವಾಡದಲ್ಲೇ ಇದ್ದ ಅಕ್ಕ. ನಾನು ಮುಂಬಯಿಯಿಂದ ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತಿದ್ದೆ, ವರ್ಷಕ್ಕೆರಡು ಸಲ ಹೋಗಿ ಬರುತ್ತಿದ್ದೆ. ಅವ್ವ ಹೋದ ಎಂಟನೆಯ ತಿಂಗಳಿಗೆ ಮಾಳಮಡ್ಡಿಯ ನಮ್ಮ ಮನೆ ಮಾರಾಟವಾಯಿತು. ಅವಸರ ನನ್ನದು. ಮಗನ ಇಂಜಿನಿಯರಿಂಗ್ ಫೀಸು, ಹೊಸ ಫ್ಲ್ಯಾಟಿನ ಕಂತು. "ಬಂದ ಗಿರಾಕಿ ಮತ್ತ ಬರೂದಿಲ್ಲ" ಎಂದು ಫೋನಿನಲ್ಲೇ ಅಕ್ಕನನ್ನು ಒಪ್ಪಿಸಿದೆ. ಅವಳು ನಡುವೆ ಏನೋ ಹೇಳಹೊರಟಿದ್ದಳು. ಆಗ ನಾನು ಬ್ಯಾಂಕಿನ ಕೌಂಟರಿನಲ್ಲಿದ್ದೆ, ಎದುರಿಗೆ ಸಾಲು ನಿಂತಿತ್ತು. ರಾತ್ರಿ ಮಾತಾಡೋಣ ಎಂದವನು ರಾತ್ರಿ ಮಾತಾಡಲಿಲ್ಲ. ನೋಂದಣಿ ಕಚೇರಿಯಲ್ಲಿ ಅಕ್ಕ ಪೆನ್ನು ಹಿಡಿದು, "ಎಲ್ಲೆ ಸಹಿ ಮಾಡ್ಲಿ, ಹೇಳ್ರಿ" ಎಂದಳು.

ಆ ಒಂದು "ರಿ" ಎಂಥದೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ಓಣಿ ತಿರುಗಿದವಳು, "ಲೇ ತಮ್ಮಾ" ಎಂದಲ್ಲದೆ ಬೇರೆ ರೀತಿಯಲ್ಲಿ ಕರೆದು ಗೊತ್ತಿಲ್ಲದವಳು, ಅಂದಿನಿಂದ ನನಗೆ ಬಹುವಚನ ಹಚ್ಚಿದಳು. ಜಗಳವಿಲ್ಲ, ಬೈಗುಳವಿಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಫೋನು: "ಆರಾಮ ಇದ್ದೀರ್ಯಾ? ಮಕ್ಕಳು ಛಲೋ ಇದ್ದಾರಲ್ರಿ?" ಹತ್ತು ವರ್ಷ ಹೀಗೆಯೇ ನಡೆಯಿತು. ಬೈದಿದ್ದರೆ ಮರುಮಾತು ಆಡಬಹುದಿತ್ತು. ಮರ್ಯಾದೆಗೆ ಏನು ಉತ್ತರ ಕೊಡುವುದು?

ಸಂಕ್ರಾಂತಿಗೆ ಎರಡು ದಿನ ಮೊದಲು ಹೊರಟೆವು. ವೀಸಾ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಆಯಿತು. ಮುಂಬಯಿಯಿಂದ ನೇರ ವಿಮಾನ, ಐದೂವರೆ ಗಂಟೆಯ ಆಸುಪಾಸು. ಧಾರವಾಡಕ್ಕೆ ರೈಲಿನಲ್ಲಿ ಹೋಗಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಗಡಿಯಾರದ ಮುಳ್ಳನ್ನು ಒಂದೂವರೆ ತಾಸು ಮುಂದೆ ತಿರುಗಿಸಿಕೊಂಡು ತಾನ್ ಸನ್ ನ್ಯಾತ್ ವಿಮಾನ ನಿಲ್ದಾಣದಲ್ಲಿ ಇಳಿದೆವು. ಸೋದರಳಿಯನ ಮನೆ ಸೈಗಾನ್ ನದಿಯ ಆಚೆ ದಂಡೆಯ ಮೇಲಿದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬಂದ್ರ್ಯಾ? ಪ್ರವಾಸ ಛಲೋ ಆತಲ್ರಿ?" ಎಂದಳು. ನಾನು "ಹೂಂ" ಎಂದೆ.

ಊರಿಗೆ ಹೋ ಚಿ ಮಿನ್ ನಗರವೆಂದು 1976ರಲ್ಲೇ ಹೆಸರಾಗಿದ್ದರೂ ಅಲ್ಲಿಯ ಜನ ಮಾತಿನಲ್ಲಿ ಇನ್ನೂ ಸೈಗಾನ್ ಎನ್ನುತ್ತಾರೆ. ನಾವು ವಿ.ಟಿ. ಎಂದಂತೆ. ಬ್ಯಾಂಕಿನವನಾದ ನನಗೆ ಮೊದಲು ತಲೆ ತಿರುಗಿಸಿದ್ದು ಅಲ್ಲಿಯ ನೋಟು. ಒಂದು ಲಕ್ಷ ದಾಂಗ್ ಎಂದರೆ ಆಗ ನಮ್ಮ 340 ರೂಪಾಯಿಯ ಸುಮಾರು. ಎಲ್ಲ ನೋಟಿನ ಮೇಲೂ ಹೋ ಚಿ ಮಿನ್ನರ ಮುಖ. ದೊಡ್ಡ ನೋಟು ಐದು ಲಕ್ಷದ್ದು. ತರಕಾರಿಗೆ ಹೋದ ನನ್ನಾಕೆ "ಎರಡು ಲಕ್ಷ ಖರ್ಚಾತು" ಎಂದಾಗ ಎದೆ ಧಸಕ್ಕೆಂದಿತ್ತು. ಎರಡನೆಯ ಪೇಚು ಊಟದ್ದು. ವಿಯೆಟ್ನಾಮೀ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ, ಮೇಲೆ ಕೆಳಗೆ ಚುಕ್ಕೆ, ಕೊಂಬು ಸೇರಿಸಿ. ಆದ್ದರಿಂದ ಫಲಕಗಳನ್ನು ಓದಬಹುದು, ತಿಳಿಯುವುದಿಲ್ಲ. ಒಂದು ಕಡೆ "ಚಾಯ್" ಎಂದಿರುವುದನ್ನು ಓದಿ ನಾನು ಒಳಹೊಕ್ಕು ಎರಡು ಕಪ್ಪು ಚಹ ಎಂದು ಬೆರಳು ತೋರಿಸಿದೆ. ಎರಡು ತಟ್ಟೆ ಅನ್ನ, ಹುರಿದ ತೋಫು, ಸೊಪ್ಪಿನ ಪಲ್ಯ ಬಂದವು! ಅಲ್ಲಿ ಚಾಯ್ ಎಂದರೆ ಶಾಕಾಹಾರವಂತೆ. ಬೌದ್ಧರಲ್ಲಿ ಅನೇಕರು ಚಾಂದ್ರಮಾನದ ಪಾಡ್ಯ ಮತ್ತು ಹುಣ್ಣಿಮೆಗೆ ಮಾಂಸ ಬಿಡುತ್ತಾರೆ. ಆದ್ದರಿಂದ ಅಂಥ ಖಾನಾವಳಿಗಳು ಓಣಿಗೊಂದು ಸಿಗುತ್ತವೆ. ಉಳಿದ ಕಡೆ ಮಾತ್ರ ಎಚ್ಚರ. ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಹಾಕಿರುತ್ತಾರೆ.

ಆದರೆ ಇವೆಲ್ಲ ರಸ್ತೆಯ ಮುಂದೆ ಏನೂ ಅಲ್ಲ. ಆ ಊರಿನಲ್ಲಿರುವ ಮೋಟಾರ್ ಸೈಕಲ್ಲುಗಳು 70 ಲಕ್ಷಕ್ಕೂ ಹೆಚ್ಚು. ಅವು ಒಂದೊಂದಾಗಿ ಬರುವುದಿಲ್ಲ, ಹೊಳೆಯ ಹಾಗೆ ಬರುತ್ತವೆ. ಒಂದರ ಮೇಲೆ ಗಂಡ, ಹೆಂಡತಿ, ನಡುವೆ ಕೂಸು. ಇನ್ನೊಂದರ ಮೇಲೆ ಅಡಿಗೆಯ ಅನಿಲದ ಸಿಲಿಂಡರು. ಮತ್ತೊಂದರ ಹಿಂದೆ ಹಳದಿ ಹೂವಿನ ಗಿಡ, ಕುಂಡದ ಸಮೇತ. ಅವರ ಹೊಸ ವರ್ಷ "ತೆತ್" ಜನವರಿ 29ಕ್ಕಿತ್ತು. ಮನೆಮನೆಗೂ ಆ ಹೂವಿನ ಗಿಡ ಬೇಕಂತೆ. ಆ ತಿಂಗಳ ಮೊದಲ ತಾರೀಖಿನಿಂದ ಸರಕಾರ ದಂಡವನ್ನು ಬಹಳ ಏರಿಸಿದ್ದರಿಂದ ದೊಡ್ಡ ಚೌಕಗಳಲ್ಲಿ ಕೆಂಪು ದೀಪಕ್ಕೆ ಎಲ್ಲರೂ ಶಿಸ್ತಿನಿಂದ ನಿಲ್ಲುತ್ತಿದ್ದರು. ದೀಪವಿಲ್ಲದ ರಸ್ತೆಗಳಲ್ಲಿ ಮಾತ್ರ ಹೊಳೆ ನಿಲ್ಲುವ ಮಾತೇ ಇಲ್ಲ.

ಸೋದರಳಿಯ ಮೊದಲ ದಿನವೇ ಪಾಠ ಹೇಳಿಕೊಟ್ಟ. "ಮೂರು ಮಾಡಬ್ಯಾಡ್ರಿ ಮಾಮಾ. ಓಡಬ್ಯಾಡ್ರಿ, ನಿಂದರಬ್ಯಾಡ್ರಿ, ಹಿಂದಕ್ಕ ಸರೀಬ್ಯಾಡ್ರಿ. ಒಂದ ಸಮ ನಡಕೋತ ಹೋಗ್ರಿ. ನಿಮ್ಮ ನಡಿಗಿ ನೋಡಿ ಅವರ ಆಜೂಬಾಜೂ ಹೋಗ್ತಾರ." ನನಗೆ ನಗು ಬಂತು. ನಲವತ್ತು ವರ್ಷ ದಾದರಿನಲ್ಲಿ ಅಂಗೈ ಎತ್ತಿ ಟ್ಯಾಕ್ಸಿಗಳನ್ನು ತಡೆದು ಓಡಿದವನಿಗೆ ಈ ಹುಡುಗನಿಂದ ಪಾಠವೇ? ಅಂದು ಸಂಜೆ ನಾನು ಒಂದು ರಸ್ತೆಯನ್ನೂ ದಾಟಲಾಗಲಿಲ್ಲ. ಕಾಲು ಮುಂದಿಡುವುದು, ಹಿಂದೆಳೆಯುವುದು. ಅಕ್ಕನೋ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಸೆಯ ಕೈ ಹಿಡಿದು, ನೋಯುವ ಮೊಣಕಾಲು ಎಷ್ಟು ಬಿಡುತ್ತದೆಯೋ ಅಷ್ಟೇ ಸಾವಕಾಶವಾಗಿ ನಡೆದು ಆಚೆ ದಂಡೆ ಸೇರುತ್ತಿದ್ದಳು. ಅವಳಿಗೆ ಓಡಲು ಬರುವಂತಿರಲಿಲ್ಲ. ನಡುವೆ ನಿಂತರೆ ಮತ್ತೆ ಕಾಲು ಎತ್ತುವುದು ಕಷ್ಟ. ಆ ಊರಿನ ರಸ್ತೆಗೆ ಅವಳ ಕಾಲು ನೋವೇ ಹೇಳಿ ಮಾಡಿಸಿದಂತಿತ್ತು.

ಸಂಕ್ರಾಂತಿಯ ದಿನ ಅಕ್ಕ ಧಾರವಾಡದಿಂದ ತಂದ ಕುಸುರೆಳ್ಳು ಹಂಚಿದಳು. ಮೊಮ್ಮಗಳಿಗೆ, ಸೊಸೆಗೆ, ನನ್ನಾಕೆಗೆ ಬಾಯಿಗೇ ಹಾಕಿದಳು. ನನ್ನ ಸರದಿ ಬಂದಾಗ ಅಂಗೈಗೆ ಹಾಕಿ, "ತಗೋರಿ" ಎಂದಳು. ಎಳ್ಳು ಬೆಲ್ಲ ಕೊಟ್ಟು ಒಳ್ಳೆಯ ಮಾತಾಡುವ ಹಬ್ಬ. ಅವಳು ಆಡಿದ್ದು ಒಳ್ಳೆಯ ಮಾತೇ.

ಮುಂದಿನ ದಿನಗಳಲ್ಲಿ ಊರು ನೋಡಿದೆವು. 2024ರ ಡಿಸೆಂಬರ್ 22ರಂದು ಶುರುವಾದ ಅಲ್ಲಿಯ ಮೊದಲ ಮೆಟ್ರೋ ಮನೆಯ ಹತ್ತಿರವೇ ಹಾಯುತ್ತದೆ. 19.7 ಕಿಲೋಮೀಟರು, 14 ನಿಲ್ದಾಣ. ಮೊದಲ ತಿಂಗಳು ಟಿಕೆಟು ಪುಕ್ಕಟೆ. ಗಾಡಿ ನೋಡಲೆಂದೇ ಅಜ್ಜ ಅಜ್ಜಿ ಮಕ್ಕಳು ಮರಿ ಎಲ್ಲ ಬಂದಿದ್ದರು. ಅಲ್ಲಿ ಮಾತ್ರ ನನ್ನ ಡೊಂಬಿವಲಿಯ ವಿದ್ಯೆ ಉಪಯೋಗಕ್ಕೆ ಬಂದೀತೆಂದು ತೋಳು ಮಡಚಿದೆ. ಆದರೆ ಅಕ್ಕನನ್ನು ನೋಡಿದ ತಕ್ಷಣ ಒಬ್ಬ ಹುಡುಗ ಎದ್ದು ಜಾಗ ಬಿಟ್ಟ. 1891ರಲ್ಲಿ ಮುಗಿದ ಫ್ರೆಂಚರ ಕಾಲದ ಅಂಚೆ ಕಚೇರಿ, ಅದರ ಕಮಾನಿನ ಮಾಡು, ಗೋಡೆಯ ಮೇಲಿನ ಹಳೆಯ ನಕಾಶೆಗಳನ್ನು ನೋಡಿದೆವು. ಎದುರಿನ ದೊಡ್ಡ ಚರ್ಚು 2017ರಿಂದ ನಡೆದಿರುವ ದುರಸ್ತಿಯಿಂದಾಗಿ ಸಾರವೆಯೊಳಗಿತ್ತು. ಅಲ್ಲಿಂದ ಅಧ್ಯಕ್ಷರ ಹಳೆಯ ಅರಮನೆಗೆ ಹೋದೆವು. 1975ರ ಏಪ್ರಿಲ್ 30ರಂದು ಉತ್ತರದ ಟ್ಯಾಂಕುಗಳು ಇದರ ಗೇಟು ಮುರಿದು ನುಗ್ಗಿದಾಗಲೇ ಆ ದೀರ್ಘ ಯುದ್ಧ ಮುಗಿದದ್ದು.

ಗೇಟಿನ ಒಳಗೆ ಹುಲ್ಲಿನ ಮೇಲೆ ನಿಲ್ಲಿಸಿರುವ ಟ್ಯಾಂಕುಗಳನ್ನು ನೋಡುತ್ತ ಅಕ್ಕ ನಿಂತಳು. "ಅಪ್ಪ ಸಂಯುಕ್ತ ಕರ್ನಾಟಕ ಜೋರಾಗಿ ಓದ್ತಿದ್ದರು. ನೆನಪದ ಏನ್ರಿ?" ಎಂದಳು. ನೆನಪಿಲ್ಲದೆ ಏನು! ನನಗಾಗ 16 ವರ್ಷ. ಅಪ್ಪ ಪಡಸಾಲೆಯಲ್ಲಿ ಕುಳಿತು "ಸೈಗಾನ್ ಬಿತ್ತಂತ" ಎಂದು ಒಳಗಿದ್ದ ಅವ್ವನಿಗೆ ಕೇಳುವಂತೆ ಹೇಳಿದ್ದರು. ಸೈಗಾನ್ ಎಲ್ಲಿದೆ ಎಂದು ನಾನು ಕೇಳಿದಾಗ ಅಕ್ಕ ತನ್ನ ಕಾಲೇಜಿನ ಭೂಪಟ ತಂದು, ನನ್ನ ಬೆರಳು ಹಿಡಿದು ಧಾರವಾಡದಿಂದ ಸಮುದ್ರ ದಾಟಿಸಿ ಅಲ್ಲಿ ಇಟ್ಟಿದ್ದಳು. ಐವತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಇಬ್ಬರೂ ನಿಂತಿದ್ದೆವು. "ಭೂಪಟ ತಂದಿದ್ದಿ ನೀ" ಎಂದೆ. "ಹೌದಲ್ರಿ" ಎಂದು ಅವಳು ಮುಂದೆ ನಡೆದಳು. ಆ ಪಡಸಾಲೆಯ ಮಾತು ಇಬ್ಬರ ಬಾಯಿಗೂ ಬಂದು ಒಳಗೆ ಹೋಯಿತು.

ಮನೆಯ ಹಿಂದಿನ ಓಣಿಯಲ್ಲಿ ಒಬ್ಬ ಹೆಂಗಸು ಕಾಫಿ ಮಾರುತ್ತಾಳೆ. ಗೇಣೆತ್ತರದ ಪ್ಲಾಸ್ಟಿಕ್ ಸ್ಟೂಲು. ಅದರ ಮೇಲೆ ಕೂತರೆ ಏಳಲು ಇಬ್ಬರ ಸಹಾಯ ಬೇಕು. ಅಕ್ಕನಿಗೆಂದು ಅವಳು ಒಳಗಿನಿಂದ ಕುರ್ಚಿ ತರುತ್ತಿದ್ದಳು. ಲೋಟದ ಮೇಲೆ ತಗಡಿನ ಪುಟ್ಟ ಫಿಲ್ಟರು, ತಳದಲ್ಲಿ ಡಬ್ಬಿಯ ಗಟ್ಟಿ ಸಿಹಿ ಹಾಲು, ಹನಿಹನಿಯಾಗಿ ಇಳಿಯುವ ಕಪ್ಪು ಕಷಾಯ, ಆಮೇಲೆ ಬರ್ಫ. ಕಾಫಿ ಬೆಳೆಯುವುದರಲ್ಲಿ ಬ್ರೆಜಿಲನ್ನು ಬಿಟ್ಟರೆ ವಿಯೆಟ್ನಾಮೇ ದೊಡ್ಡದು. ಬೆಳೆಯುವುದು ಹೆಚ್ಚಾಗಿ ರೋಬಸ್ಟಾ. ನಮ್ಮ ಚಿಕ್ಕಮಗಳೂರಿನ ಘಮ ಇದಕ್ಕಿಲ್ಲ, ಆದರೆ ಒಂದು ಗುಟುಕಿಗೆ ಕಣ್ಣು ತೆರೆಯುತ್ತದೆ. ಇಲ್ಲಿ ಯಾರಿಗೂ ಅವಸರವಿಲ್ಲ. ಹನಿ ಇಳಿಯುವ ತನಕ ಕಾಯಲೇಬೇಕು.

ಒಂದು ಬೆಳಿಗ್ಗೆ ಆಕೆ ನಮ್ಮಿಬ್ಬರನ್ನೂ ತೋರಿಸಿ ಏನೋ ಕೇಳಿದಳು. ಅಕ್ಕನ ಏಳು ವರ್ಷದ ಮೊಮ್ಮಗಳಿಗೆ ಆ ಭಾಷೆ ಚೆನ್ನಾಗಿ ಬರುತ್ತದೆ. "ನಿಮ್ಮಿಬ್ಬರೊಳಗ ದೊಡ್ಡಾವರು ಯಾರು ಅಂತ ಕೇಳ್ತಾಳ" ಎಂದಿತು ಮಗು. ವಯಸ್ಸು ಕೇಳುವುದು ಅಲ್ಲಿ ಅಸಭ್ಯವಲ್ಲ, ಅವಶ್ಯಕ. ಏಕೆಂದರೆ ಅವರ ಮಾತಿನಲ್ಲಿ "ನಾನು", "ನೀನು" ಎಂಬುದರ ಜಾಗದಲ್ಲಿ ಸಾಮಾನ್ಯವಾಗಿ ಸಂಬಂಧದ ಹೆಸರೇ ಬರುತ್ತದೆ. ಹಿರಿಯಳಿಗೆ "ಚಿ", ಅಂದರೆ ಅಕ್ಕ. ಕಿರಿಯರಿಗೆ "ಎಮ್", ಅಂದರೆ ತಮ್ಮ ಅಥವಾ ತಂಗಿ. ಪರಿಚಯವಿಲ್ಲದವರನ್ನೂ ಹೀಗೆಯೇ ಕರೆಯುತ್ತಾರೆ. ಮಗು ನನಗೆ ಬಿಡಿಸಿ ಹೇಳಿತು: "ಮುಂಬೈ ಅಜ್ಜಾ, ನೀವು ನಮ್ಮ ಅಜ್ಜಿ ಜೋಡಿ ಮಾತಾಡಬೇಕಾದರ 'ನಾನು ಕಾಫಿ ಕುಡೀತೀನಿ' ಅನ್ನೋದಿಲ್ಲ. 'ಎಮ್ ಕಾಫಿ ಕುಡೀತಾನ' ಅನ್ನಬೇಕು." ಎಂದರೆ, ಅಕ್ಕನ ಎದುರಿಗೆ ತಮ್ಮನಿಗೆ ಬೇರೆ "ನಾನು" ಇಲ್ಲ. ಎಷ್ಟು ವಯಸ್ಸಾದರೂ, ಎಷ್ಟು ಫ್ಲ್ಯಾಟು ಕೊಂಡರೂ ತಮ್ಮ ಎಂದೇ ಮಾತು ಶುರುಮಾಡಬೇಕು. ನಾನು ಅಕ್ಕನ ಕಡೆ ನೋಡಿದೆ. ಅವಳು ಫಿಲ್ಟರಿನ ಹನಿ ನೋಡುತ್ತಿದ್ದಳು.

ಹೊರಡುವ ಹಿಂದಿನ ದಿನ ಮಾರಿಯಮ್ಮನ ಗುಡಿಗೆ ಹೋದೆವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಮಿಳು ವರ್ತಕರು ಕಟ್ಟಿದ್ದು. 1975ರ ನಂತರ ಅಲ್ಲಿಯ ಭಾರತೀಯರಲ್ಲಿ ಹೆಚ್ಚಿನವರು ಊರು ಬಿಟ್ಟರೂ ಗುಡಿ ಬಿಕೋ ಎನ್ನುವುದಿಲ್ಲ. ವಿಯೆಟ್ನಾಮೀಯರು, ಚೀನೀಯರು ಊದಿನಕಡ್ಡಿಯ ಕಟ್ಟು ಹಿಡಿದು ಬರುತ್ತಾರೆ. ನನ್ನಾಕೆ, ಸೊಸೆ, ಮಗು ಹೊರಗೆ ಬಂದು ಹತ್ತಿರದ ಬೆನ್ ಥಾನ್ ಮಾರುಕಟ್ಟೆಗೆ ಮುಂದೆ ಹೋದರು. ನಾನು ಅಕ್ಕನಿಗಾಗಿ ನಿಂತೆ. ಗರ್ಭಗುಡಿಯ ಹಿಂದೆ ಕಲ್ಲಿನ ಗೋಡೆಗೆ ಕೈ ಊರಿ, ಹಣೆ ಒತ್ತಿ ಜನ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಅಕ್ಕನೂ ಹೋಗಿ ಹಣೆ ಒತ್ತಿದಳು. ಬಹಳ ಹೊತ್ತಾದರೂ ತಲೆ ಎತ್ತಲಿಲ್ಲ. ಗಡಿಯಾರ ನೋಡುವುದು ನನ್ನ ಚಟ. ಅಂದು ನೋಡಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಸಲ ನೋಡಿದೆ.

ಹೊರಗೆ ಬಂದಾಗ ಸಂಜೆಯ ಹೊಳೆ ತುಂಬಿ ಹರಿಯುತ್ತಿತ್ತು. ಆಚೆ ದಾಟಬೇಕು. ಸೊಸೆಯಿಲ್ಲ, ಸೋದರಳಿಯನಿಲ್ಲ. ಗಂಡಸು ನಾನು ಎಂದುಕೊಂಡು, ಅಕ್ಕನಿಗೆ "ಬಾ" ಎಂದು ಹೇಳಿ ಸಂದು ಕಂಡ ಕೂಡಲೇ ಓಡಿದೆ. ಅರ್ಧ ದಾಟಿದ್ದೆ. ಎಡದಿಂದ ಗಿಡ ಹೊತ್ತ ಗಾಡಿಯೊಂದು ಬಂತು. ಗಕ್ಕನೆ ನಿಂತೆ. ನಿಂತವನು ಹಿಂದಕ್ಕೆ ಸರಿದೆ. ಓಡಬಾರದು, ನಿಲ್ಲಬಾರದು, ಸರಿಯಬಾರದು. ಮೂರನ್ನೂ ಮಾಡಿ ಮುಗಿಸಿದ್ದೆ. ಹಾರನ್ನುಗಳು ಮೊರೆದವು. ಒಬ್ಬನ ಹಿಡಿಕೆ ನನ್ನ ಅಂಗಿಯ ತೋಳು ತಾಕಿ ಹೋಯಿತು. ಕಣ್ಣು ಕತ್ತಲೆಗಟ್ಟಿತು.

"ಲೇ ತಮ್ಮಾ! ಓಡಬ್ಯಾಡೋ! ಅಲ್ಲೇ ನಿಂದರಬ್ಯಾಡ, ನಾ ಬಂದೆ, ನಡಿ!"

ಆ ಧ್ವನಿ ನಮ್ಮ ಓಣಿಯ ಧ್ವನಿ. ಸಾವಿರ ಗಾಡಿಗಳ ನಡುವೆ ಅಕ್ಕ ಬರುತ್ತಿದ್ದಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಗಾಡಿಗಳು ಅವಳ ಎರಡು ಬದಿಗೆ ಒಡೆದು ಹರಿಯುತ್ತಿದ್ದವು. ಬಂದವಳೇ ನನ್ನ ಮಣಿಕಟ್ಟು ಹಿಡಿದಳು. ಅಂಗೈಯಲ್ಲ, ಮಣಿಕಟ್ಟು, ಸಾಲಿಗೆ ಬಿಡಲು ಹೋಗುವಾಗ ಹಿಡಿಯುತ್ತಿದ್ದಂತೆ. "ನನ್ನ ಕಾಲಿನಗತೆ ನಡಿ" ಎಂದಳು. ನಡೆದೆ. ಇಪ್ಪತ್ತೈದು ಮೂವತ್ತು ಹೆಜ್ಜೆ ಇದ್ದಿರಬೇಕು. ಅಷ್ಟು ಸಾವಕಾಶವಾಗಿ ನಾನು ಜೀವನದಲ್ಲಿ ನಡೆದಿರಲಿಲ್ಲ.

ಆಚೆ ಕಟ್ಟೆಯ ಮೇಲೆ ಕುಳಿತೆವು. ಎಳನೀರಿನವಳು ಎರಡು ಕಾಯಿ ಕೆತ್ತಿ ಕೊಟ್ಟಳು. ನನ್ನ ಕೈ ಇನ್ನೂ ನಡುಗುತ್ತಿತ್ತು. "ಅಕ್ಕಾ, ಮನೀ ವಿಷಯದಾಗ ನಾ ತಪ್ಪು ಮಾಡಿದೆ" ಎಂದೆ. ಹತ್ತು ವರ್ಷ ಕಾದಿಟ್ಟಿದ್ದ ಮಾತು ಅಷ್ಟೇ ಇತ್ತು.

ಅವಳು ಕೊಳವೆಯಿಂದ ಬಾಯಿ ತೆಗೆದಳು. "ಮನೀ ಹೋದದ್ದಕ್ಕ ನನಗ ಸಿಟ್ಟಿಲ್ಲೋ. ಎಂದಾದರೂ ಹೋಗೂದ ಇತ್ತು. ಅವ್ವನ ವರ್ಷಾಂತಿಕ ಆ ಮನ್ಯಾಗ ಆಗಲಿ ಅಂತ ಹೇಳಬೇಕಂತ ಫೋನಿನಾಗ ಬಾಯಿ ತಗದೆ. ನೀ ಕೇಳಿಸಿಕೊಳ್ಳಲಿಲ್ಲ. ನಾಕ ತಿಂಗಳು. ನಾಕ ತಿಂಗಳು ತಡೀಬೇಕಾಗಿತ್ತು ನೀ."

ವರ್ಷಾಂತಿಕವನ್ನು ನಾನು ಮಠದ ಸಭಾಂಗಣದಲ್ಲಿ ಮಾಡಿಸಿದ್ದೆ. ಭಟ್ಟರು ಮೂರು ತಾಸಿನಲ್ಲಿ ಮುಗಿಸಿಕೊಟ್ಟರೆಂದು, ಸಂಜೆಯ ರೈಲು ಸಿಕ್ಕಿತೆಂದು ಸಂತೋಷಪಟ್ಟಿದ್ದೆ. ಅಕ್ಕನ ಕೋಪ ದುಡ್ಡಿನದು, ಪಾಲಿನದು ಎಂದು ಹತ್ತು ವರ್ಷ ಮನಸ್ಸಿನಲ್ಲೇ ಲೆಕ್ಕ ಬರೆದುಕೊಂಡ ಬ್ಯಾಂಕಿನವನಿಗೆ ಈ ಕಲಮು ಕಂಡೇ ಇರಲಿಲ್ಲ. ಇದಕ್ಕೆ ಬಡ್ಡಿ ಸೇರಿಸಿ ಹಿಂದೆ ಕೊಡಲು ಬರುವುದಿಲ್ಲ. ನಾನು ಸುಮ್ಮನೆ ಕುಳಿತೆ. ಅವಳೂ ಸಮಾಧಾನದ ಮಾತು ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕುಡಿ, ಬಿಸಿ ಆಗ್ತದ" ಎಂದಳು. ಕುಡಿಯಿರಿ ಎನ್ನಲಿಲ್ಲ.

ಹೊಸ ವರ್ಷದೊಳಗೆ ಹಳೆಯ ಸಾಲ ತೀರಿಸಬೇಕು, ಮನಸ್ತಾಪ ಮುಗಿಸಬೇಕು ಎಂಬುದು ಅಲ್ಲಿಯವರ ಪದ್ಧತಿ ಎಂದು ಸೊಸೆ ಆಮೇಲೆ ಹೇಳಿದಳು. ನನ್ನ ಸಾಲ ತೀರಿತೆಂದು ನಾನು ಹೇಳಲಾರೆ. ಖಾತೆಯಲ್ಲಿ ಏನಿದೆಯೆಂದು ತಿಳಿಯಿತು, ಅಷ್ಟೇ.

2025ರ ಕಾರ್ತಿಕದಲ್ಲಿ ಅವ್ವನ ತಿಥಿಗೆ ಧಾರವಾಡಕ್ಕೆ ಹೋಗಿ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಹಿಂದಿರುಗುವ ಟಿಕೆಟು ತೆಗೆಸದೆ ಹೋದದ್ದು ಇದೇ ಮೊದಲು. ಸಂಜೆ ಇಬ್ಬರೂ ಮಾಳಮಡ್ಡಿಯ ಕಡೆ ನಡೆದೆವು. ನಮ್ಮ ಮನೆಯಿದ್ದಲ್ಲಿ ಈಗ ಮೂರು ಅಂತಸ್ತಿನ ಕಟ್ಟಡವಿದೆ. ಎದುರು ಬದಿಗೆ ಹೋಗಿ ನೋಡೋಣವೆಂದು ಅಕ್ಕ ಎಂದಳು. ರಸ್ತೆಯಲ್ಲಿ ಒಂದು ಆಕಳು ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಅವಳು ನನ್ನ ಮಣಿಕಟ್ಟು ಹಿಡಿದಳು. ಅವಳ ಕಾಲಿನಗತೆ ನಾನು ನಡೆದೆ.